ಅಟ್ಟದ ಮೇಲಿನ ಬಂದೂಕು, ಸೊಂಟದೊಳಗಿನ ಪಿಸ್ತೂಲು



ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಎರಡು ಬಗೆಯ ಬಂದೂಕುಗಳಿವೆ. ಒಂದಕ್ಕೆ ಲೈಸನ್ಸು ಉಂಟು, ನಂಬರು ಉಂಟು, ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದರ ದಾಖಲೆ ಉಂಟು. ಗೌಡರ, ದೇಸಾಯರ, ಪೊಲೀಸ್ ಪಾಟೀಲರ ಹಳೆಯ ವಾಡೆಗಳಲ್ಲಿ ಅಟ್ಟದ ಮೇಲೋ ಅಲಮಾರಿಯಲ್ಲೋ ಇರುವ ಒಂಟಿ ನಳಿಗೆಯ, ಜೋಡು ನಳಿಗೆಯ ತೋಟಾ ಬಂದೂಕು ಅದು. ಇನ್ನೊಂದಕ್ಕೆ ಕಾಗದವೇ ಇಲ್ಲ. ಅಂಗಿಯ ಅಡಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಕಂಟ್ರಿ ಪಿಸ್ತೂಲು. ಮೊದಲನೆಯದರ ಮೇಲೆ ಕಾನೂನು ಬಿಗಿಯಾಗುತ್ತಲೇ ಬಂದಿದೆ. ಬಿಗಿಯಾಗಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಭೀಮಾ ನದಿಯ ಈ ದಂಡೆಗಳಲ್ಲಿ ಜನರನ್ನು ಹೆದರಿಸಿರುವುದು ಎರಡನೆಯದು. ಕಾಗದವುಳ್ಳ ಬಂದೂಕನ್ನು ಎಣಿಸುವ ಶ್ರದ್ಧೆ ಕಾಗದವಿಲ್ಲದ ಪಿಸ್ತೂಲನ್ನು ಹುಡುಕುವುದರಲ್ಲಿಯೂ ಕಾಣಬೇಕು. ಇವತ್ತಿನ ನನ್ನ ಮಾತು ಇಷ್ಟೇ. ಉಳಿದದ್ದು ಅದರ ವಿವರ.

ಮೊದಲು ಕಾನೂನು. ಶಸ್ತ್ರಾಸ್ತ್ರ ನಮ್ಮ ಸಂವಿಧಾನದಲ್ಲಿ ಕೇಂದ್ರ ಪಟ್ಟಿಯ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಇಡೀ ದೇಶಕ್ಕೆ ಒಂದೇ. ಅವುಗಳನ್ನು ಜಾರಿಗೆ ತರುವ ಕೈ ಮಾತ್ರ ರಾಜ್ಯದ್ದು. ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ಆಗಿರುವುದರಿಂದ ಅಲ್ಲಿ ಲೈಸನ್ಸು ಅದರ ಕೆಲಸ. ಹಳ್ಳಿಗಾಡಿನ ತಾಲ್ಲೂಕುಗಳಿಗೆ ಜಿಲ್ಲಾಧಿಕಾರಿಗಳೇ ಲೈಸನ್ಸು ಕೊಡುವವರು. ಅರ್ಜಿ ಹಾಕಿದವನ ಬಗ್ಗೆ ಠಾಣೆಯಿಂದ ವರದಿ ಬರಬೇಕು. ಆತನ ಮೇಲೆ ಕೇಸುಗಳಿವೆಯೇ, ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ, ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡುತ್ತಾರೆ. ಬಂದೂಕು ಹಿಡಿಯುವ, ಇಡುವ ತರಬೇತಿ ಆಗಿರಬೇಕು. ಲೈಸನ್ಸುದಾರನ ವಿವರ ರಾಷ್ಟ್ರೀಯ ಗಣಕ ದಾಖಲೆಗೆ ಸೇರಿ, ಅವನಿಗೆ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಬೀಳಬೇಕು. ಆ ಸಂಖ್ಯೆ ಇಲ್ಲದ ಹಳೆಯ ಪುಸ್ತಕ ಅಜ್ಜನ ಕಾಲದ್ದಾದರೂ ಈಗ ನಡೆಯುವುದಿಲ್ಲ.

2019ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿತು. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಒಂದೇ ಸಾಕು ಎಂದು ಮಸೂದೆಯ ಕರಡು ಹೇಳಿತ್ತು. ಆಕ್ಷೇಪಗಳು ಬಂದ ಮೇಲೆ ಎರಡು ಎಂದಾಯಿತು. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಅದನ್ನು ಠಾಣೆಗೋ ಲೈಸನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ವಂಶದಿಂದ ಬಂದ ಬಂದೂಕಿಗೂ ರಿಯಾಯಿತಿ ಇಲ್ಲ. ಲೈಸನ್ಸಿನ ಅವಧಿಯನ್ನೇನೋ ಮೂರರಿಂದ ಐದು ವರ್ಷಕ್ಕೆ ಏರಿಸಿದರು. ಶಿಕ್ಷೆಯೂ ಏರಿತು. ಲೈಸನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅಕ್ರಮವಾಗಿ ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಸಂಘಟಿತವಾಗಿ ಸಾಗಾಟ ಮಾಡಿದರೆ ಕನಿಷ್ಠವೇ 10 ವರ್ಷ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಮದುವೆ, ಮೆರವಣಿಗೆ, ಜಾತ್ರೆ ಎಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ನಮಗೆ ದೂರದ ಸಂಗತಿಯಲ್ಲ. 2021ರ ಆಗಸ್ಟಿನಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ಯರಗೋಳದಲ್ಲಿ, ಕೇಂದ್ರ ಮಂತ್ರಿಯೊಬ್ಬರ ಯಾತ್ರೆಗೆ ಸ್ವಾಗತ ಕೋರುವ ಭರದಲ್ಲಿ ನಾಡಬಂದೂಕುಗಳಿಂದ ಗಾಳಿಯಲ್ಲಿ ಗುಂಡು ಹಾರಿಸಿದರು. ಹಾರಿಸಿದವರು ಬಂಧನಕ್ಕೊಳಗಾದರು. ಮೇಲೆ ಹೋದ ಗುಂಡು ಎಲ್ಲಿ ಇಳಿಯುತ್ತದೆ ಎಂದು ಹಾರಿಸಿದವನಿಗೆ ಗೊತ್ತಿರುವುದಿಲ್ಲ. ಆ ಜನಜಂಗುಳಿಯಲ್ಲಿ ತಂದೆಯ ಹೆಗಲ ಮೇಲೆ ಕೂತ ಮಕ್ಕಳಿರುತ್ತಾರೆ. ದೊಡ್ಡವರ ಸ್ವಾಗತಕ್ಕೆ ಹೂವು ಸಾಕು, ಹಲಗಿ ಸಾಕು.

ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ 33.69 ಲಕ್ಷ ಲೈಸನ್ಸುಗಳಿದ್ದವು. ಉತ್ತರ ಪ್ರದೇಶವೊಂದರಲ್ಲೇ 12.77 ಲಕ್ಷ. ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ಈಗ ಇನ್ನೊಂದು ಅಂಕಿ ಕೇಳಿ. ಜಿನೀವಾದ 'ಸ್ಮಾಲ್ ಆರ್ಮ್ಸ್ ಸರ್ವೇ' ಸಂಸ್ಥೆ 2017ರಲ್ಲಿ ಮಾಡಿದ ಅಂದಾಜಿನಂತೆ ಭಾರತದ ನಾಗರಿಕರ ಕೈಯಲ್ಲಿರುವ ಬಂದೂಕುಗಳು ಸುಮಾರು 7.11 ಕೋಟಿ. ಅದರಲ್ಲಿ ನೋಂದಣಿಯಾದವು ಒಂದು ಕೋಟಿಯನ್ನೂ ಮುಟ್ಟುವುದಿಲ್ಲ. ಅಂದಾಜು ಅಂದಾಜೇ. ಆದರೂ ಯಾವ ಕಡೆ ಹೊರೆ ಹೆಚ್ಚು ಎಂಬುದು ಅದರಿಂದಲೇ ತಿಳಿಯುತ್ತದೆ. ಪೊಲೀಸರು ವರ್ಷವೂ ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಲೈಸನ್ಸಿಲ್ಲದವು, ಅವುಗಳಲ್ಲಿಯೂ ಬಹುಪಾಲು ನಾಡತಯಾರಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪುಸ್ತಕಗಳೇ ಹೇಳುತ್ತವೆ.

ಬಂದೂಕು ಇಟ್ಟುಕೊಳ್ಳುವುದು ನಮ್ಮ ಹಕ್ಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಳೆಯ ಪ್ರಶ್ನೆ ಇದು, ತೂಕದ ಪ್ರಶ್ನೆಯೂ ಹೌದು. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ನೋಂದಾಯಿಸಬೇಕೆಂದು ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವರ ಹೋರಾಟದ ಲಾವಣಿ ಇಂದಿಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬದುಕಿದೆ. ಲಿಟ್ಟನ್ ಕಾಲದ 1878ರ ಕಾಯ್ದೆ ಬಂದೂಕನ್ನು ದೊರೆಗಳಿಗೂ ಅವರು ನಂಬಿದವರಿಗೂ ಮೀಸಲಿಟ್ಟಿತು. ಆ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಠರಾವು, ಕಟ್ಟಳೆಗೆ ಒಳಪಟ್ಟು ಆಯುಧ ಹೊಂದುವುದೂ ಪ್ರಜೆಯ ಹಕ್ಕು ಎಂದಿತು.

ಸಂವಿಧಾನ ರಚನಾ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಇದನ್ನು ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಆಯುಧ ಹಿಡಿಯುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಎಂದು ಅವರು ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ. ಪ್ರತಿಯೊಬ್ಬನಿಗೂ ಆಯುಧದ ಹಕ್ಕು ಎಂದರೆ ಅಪರಾಧವನ್ನೇ ಕಸುಬು ಮಾಡಿಕೊಂಡವನಿಗೂ ಅದು ಸಿಕ್ಕಂತಾಗುತ್ತದೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ನಮ್ಮ ಸಂವಿಧಾನದ 19ನೇ ವಿಧಿ ಕೊಟ್ಟಿರುವುದು ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ. ವಿ. ನಾಗರತ್ನ ಅವರ ಪೀಠವೂ ಅದನ್ನೇ ಹೇಳಿತು. ಅಮೆರಿಕದಂತೆ ಇಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ ಎಂದಿತು. ಲೈಸನ್ಸಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು.

ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗಕ್ಕೆ ಈ ವಿಷಯದಲ್ಲಿ ತನ್ನದೇ ಗಾಯವಿದೆ. 1947-48ರ ಆ ಹದಿಮೂರು ತಿಂಗಳು ನಿಜಾಮರ ಪರ ನಿಂತ ರಜಾಕಾರರ ಕೈಯಲ್ಲಿ ಬಂದೂಕು, ಹಳ್ಳಿಗರ ಕೈಯಲ್ಲಿ ಕುಡುಗೋಲು, ಬಡಿಗೆ. ಗಡಿಯಾಚೆಯ ಶಿಬಿರಗಳಲ್ಲಿ ನಮ್ಮ ಯುವಕರು ಬಂದೂಕು ಹಿಡಿಯುವುದನ್ನು ಕಲಿತರು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಹಿರಿಯರ ಬಾಯಲ್ಲಿ ಆ ಕಥೆ ಕೇಳಿ ಬೆಳೆದವರಿಗೆ ಮನೆಯಲ್ಲೊಂದು ಬಂದೂಕು ಇರಲಿ ಎಂಬ ಆಸೆ ಯಾಕೆ ಹುಟ್ಟುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಆ ದಿನ ಹಳ್ಳಿಯ ಮೇಲೆ ಏರಿ ಬಂದದ್ದು ಸಶಸ್ತ್ರ ಪಡೆ. ಇವತ್ತು ಬಂದೂಕು ತಿರುಗುವುದು ಸೋದರನ ಕಡೆಗೆ, ಹೊಲದ ಬದುವಿನ ಆಚೆಯವನ ಕಡೆಗೆ, ಪಂಚಾಯಿತಿ ಚುನಾವಣೆಯಲ್ಲಿ ಎದುರು ನಿಂತವನ ಕಡೆಗೆ.

ಈಗ ಸೊಂಟದ ಪಿಸ್ತೂಲಿಗೆ ಬರೋಣ. ಅಫಜಲಪುರ, ಜೇವರ್ಗಿ, ಆಳಂದಗಳನ್ನು ಪಕ್ಕದ ಇಂಡಿ, ಚಡಚಣ, ಸಿಂದಗಿಗಳ ಜೊತೆ ಸೇರಿಸಿ ಪತ್ರಿಕೆಗಳು 'ಭೀಮಾತೀರ' ಎಂದು ಬರೆದವು. ಆ ಹೆಸರಿನ ಹಿಂದೆಯೇ 'ಹಂತಕರು' ಎಂಬ ಮಾತು ಅಂಟಿಕೊಂಡಿತು. ಪುಸ್ತಕಗಳು ಬಂದವು, 2012ರಲ್ಲಿ ಸಿನಿಮಾ ಬಂತು. ದತ್ತಾತ್ರೇಯನ ಭಕ್ತರು ಗಾಣಗಾಪುರದ ಸಂಗಮದಲ್ಲಿ ಮುಳುಗೇಳುವ ನದಿ ಇದು. ಇದೇ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ಸಿಕ್ಕಿವೆ, ಕನಗನಹಳ್ಳಿಯಲ್ಲಿ ಅವನ ಹೆಸರು ಕೊರೆದ ಶಿಲ್ಪ ಸಿಕ್ಕಿದೆ. ಯುದ್ಧವನ್ನು ಬಿಟ್ಟ ರಾಜನ ಮುಖವನ್ನು ಕಾಪಾಡಿದ ದಂಡೆಗೆ ಹಂತಕರ ಹೆಸರು ಬಂತಲ್ಲ ಎಂಬುದು ಈ ಸೀಮೆಯ ಎಲ್ಲರ ನೋವು. ಕೊಲೆಗೆ ಪ್ರತಿಕೊಲೆ, ಅದಕ್ಕೆ ಮತ್ತೊಂದು ಎಂದು ಎರಡು ಮೂರು ತಲೆಮಾರು ಕಳೆದ ಮನೆತನಗಳು ಇಲ್ಲಿವೆ. ಮೊದಲು ಕೊಡಲಿ, ಮಚ್ಚು ಇದ್ದ ಜಾಗಕ್ಕೆ ಪಿಸ್ತೂಲು ಬಂದ ಮೇಲೆ ಕೊಲ್ಲುವುದು ಸುಲಭವಾಯಿತು, ಕೊಲ್ಲುವವನ ವಯಸ್ಸು ಇಳಿಯಿತು.

ಈ ಪಿಸ್ತೂಲು ನಮ್ಮ ಊರಿನ ಕುಲುಮೆಯಲ್ಲಿ ಆದದ್ದಲ್ಲ. ಪೊಲೀಸರು ಹಿಡಿದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಮಧ್ಯಪ್ರದೇಶ. ಅಲ್ಲಿನ ಖರಗೋನ್, ಬಡವಾನಿ, ಧಾರ್ ಜಿಲ್ಲೆಗಳ ಅಕ್ರಮ ಕುಲುಮೆಗಳು, ಬಿಹಾರದ ಮುಂಗೇರ್ ಇವೆಲ್ಲ ದೇಶದ ಪೊಲೀಸರಿಗೆ ಗೊತ್ತಿರುವ ಮೂಲಗಳೇ. ಮಹಾರಾಷ್ಟ್ರ ದಾಟಿ ಬಂದರೆ ಮೊದಲು ಸಿಗುವುದೇ ನಮ್ಮ ಗಡಿ. ಸೊಲ್ಲಾಪುರ, ಅಕ್ಕಲಕೋಟೆಯಿಂದ ಆಳಂದಕ್ಕೂ ಅಫಜಲಪುರಕ್ಕೂ ಬಸ್ಸು, ಬೈಕು, ಕಬ್ಬಿನ ಲಾರಿ ಎಲ್ಲ ಓಡಾಡುತ್ತವೆ. ಎರಡು ರಾಜ್ಯಗಳ ಠಾಣೆಗಳ ನಡುವೆ ಮಾಹಿತಿ ಓಡಾಡುವುದಕ್ಕಿಂತ ಬೇಗ ಮಾಲು ಓಡಾಡುತ್ತದೆ.

ಇದರ ಬೆಲೆಯನ್ನು ನಾಡು ತೆತ್ತಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಕೊಂದದ್ದು 7.65 ಎಂಎಂ ನಾಡತಯಾರಿ ಪಿಸ್ತೂಲು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದೂ ಅಂಥದೇ. ಎರಡೂ ಕಡೆಯ ಗುಂಡುಗಳು ಒಂದೇ ಪಿಸ್ತೂಲಿನವು ಎಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ತನಿಖಾ ತಂಡ ನ್ಯಾಯಾಲಯಕ್ಕೆ ತಿಳಿಸಿತು. ಶರಣರ ವಚನಗಳಿಗೆ ಬಾಳು ಸವೆಸಿದ ವಿದ್ವಾಂಸರನ್ನು ಕೊಂದ ಆಯುಧಕ್ಕೆ ಯಾವ ವಹಿಯಲ್ಲಿಯೂ ಹೆಸರಿರಲಿಲ್ಲ. ಜಿಲ್ಲಾಧಿಕಾರಿ ಕಚೇರಿಯ ಲೈಸನ್ಸುಗಳನ್ನೆಲ್ಲ ರದ್ದು ಮಾಡಿದ್ದರೂ ಆ ಗುಂಡು ನಿಲ್ಲುತ್ತಿರಲಿಲ್ಲ.

ಇದನ್ನು ಕೇಳಿ, ಹಾಗಾದರೆ ಲೈಸನ್ಸನ್ನು ಸಡಿಲಿಸಿ, ಒಳ್ಳೆಯವರಿಗೂ ಬಂದೂಕು ಕೊಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದಿನಿಂದ ಬರುವ ಪಿಸ್ತೂಲಿಗೆ ಅಲಮಾರಿಯ ಬಂದೂಕು ಉತ್ತರವಾಗದು. ಮನೆಯಲ್ಲಿ ಬಂದೂಕು ಇದ್ದರೆ ಮೊದಲ ಅಪಾಯ ಮನೆಯವರಿಗೇ. ಸಾಲದ ಚಿಂತೆಯಲ್ಲಿ, ಕುಡಿದ ಸಿಟ್ಟಿನಲ್ಲಿ, ಪಾಲಿನ ಜಗಳದಲ್ಲಿ ಕೈಗೆ ಸಿಗುವುದು ಅದೇ. ಅಮೆರಿಕದಲ್ಲಿ ಸುಮಾರು 33 ಕೋಟಿ ಜನಕ್ಕೆ 39 ಕೋಟಿಗೂ ಹೆಚ್ಚು ಬಂದೂಕುಗಳಿವೆ ಎಂದು ನಾನಾಗಲೇ ಹೇಳಿದ ಸಂಸ್ಥೆಯ ಅಂದಾಜು. ಅಲ್ಲಿನ ಶಾಲೆಗಳ ಸುದ್ದಿ ನಮ್ಮ ಕಿವಿಗೂ ಬೀಳುತ್ತದೆ. ಆಸ್ಟ್ರೇಲಿಯಾದವರು 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಜನ ಗುಂಡೇಟಿಗೆ ಸತ್ತ ಮೇಲೆ ಬೇರೆ ದಾರಿ ಹಿಡಿದರು. ಗಡುವು ಕೊಟ್ಟರು, ಸರ್ಕಾರವೇ ದುಡ್ಡು ಕೊಟ್ಟು ಆರೂವರೆ ಲಕ್ಷದಷ್ಟು ಬಂದೂಕುಗಳನ್ನು ಮರಳಿ ಪಡೆಯಿತು.

ರೈತರ ಮಾತು ಬೇರೆ. ಅದನ್ನು ಸಾವಧಾನವಾಗಿ ಕೇಳಬೇಕು. ತೊಗರಿ ಕಾಯಿ ಕಟ್ಟುವ ಹೊತ್ತಿಗೆ, ಜೋಳ ತೆನೆಗೆ ಬರುವ ಹೊತ್ತಿಗೆ ಹಂದಿಯ ಹಿಂಡು ಇಳಿಯುತ್ತದೆ. ಅಫಜಲಪುರ, ಆಳಂದಗಳಲ್ಲಿ ಕಬ್ಬು ಹೆಚ್ಚಿದ ಮೇಲೆ ಹಂದಿಗೆ ಹಗಲು ಅಡಗಲು ಜಾಗವೂ ಆಯಿತು. ಎಳೆಯ ಪೈರಿಗೆ ಚಿಗರಿಯ ಕಾಟ. ರಾತ್ರಿಯಿಡೀ ಕವಣಿ ಹಿಡಿದು, ಡಬ್ಬಿ ಬಡಿದು ಹೊಲ ಕಾಯುವವರ ಕಷ್ಟ ಕಾಯ್ದವರಿಗೇ ಗೊತ್ತು. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಪ್ರಕರಣ ಈ ರೈತನನ್ನು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗೆ, ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಲೈಸನ್ಸನ್ನು ಕೊಡತಕ್ಕದ್ದು ಎಂದೇ ಅದು ಹೇಳುತ್ತದೆ. 14ನೇ ಪ್ರಕರಣದಲ್ಲಿ ಇನ್ನೊಂದು ದೊಡ್ಡ ಮಾತಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸನ್ಸು ನಿರಾಕರಿಸಬಾರದು. ಅಂದರೆ ಬಂದೂಕು ಗೌಡರ ಮನೆಯ ಗತ್ತಾಗಿರಬೇಕೆಂದು ಕಾನೂನು ಎಂದೂ ಹೇಳಿಲ್ಲ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಮೇಲ್ಮನವಿಗೂ ಅವಕಾಶವಿದೆ.

ಲೈಸನ್ಸು ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯುವಂತಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳೆ ಹಾಳಾದರೆ ಅದೇ ಇಲಾಖೆಯ 'ಇ-ಪರಿಹಾರ'ದಲ್ಲಿ ಅರ್ಜಿ ಹಾಕಬಹುದು. ಬೇಲಿಗೆ ಕರೆಂಟು ಹರಿಸುವುದು, ಸಿಡಿಮದ್ದಿನ ಉಂಡೆ ಇಡುವುದು ಇವಂತೂ ಬೇಡವೇ ಬೇಡ. ಅವು ಪಕ್ಕದ ಹೊಲದ ಆಳನ್ನೂ ದನವನ್ನೂ ಕೊಲ್ಲುತ್ತವೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರಿಟ್ಟರೆಂದು ನಾವು ಭಕ್ತಿಯಿಂದ ಹೇಳುತ್ತೇವೆ. ಸಾಲ ಮಾಡಿ ಬಿತ್ತಿದ ಇಂದಿನ ರೈತನಿಂದ ಅಷ್ಟನ್ನು ಕೇಳುವುದು ನ್ಯಾಯವಲ್ಲ. ಆತನಿಗೆ ಬೇಕಾದದ್ದು ಬೇಗ ಸಿಗುವ ಪರಿಹಾರ ಮತ್ತು ಸ್ಪಷ್ಟ ಉತ್ತರ. ಲೈಸನ್ಸು ಕೊಡುವುದಾದರೆ ಕೊಟ್ಟೆವೆಂದೂ ಇಲ್ಲವಾದರೆ ಯಾಕಿಲ್ಲವೆಂದೂ ಕಚೇರಿ ಹೇಳಬೇಕು. ವರ್ಷಗಟ್ಟಲೆ ಫೈಲು ಕೂಡಿಸುವುದನ್ನು ಯಾವ ಕಾನೂನೂ ಹೇಳಿಲ್ಲ.

ಕೊಡಗಿನವರಿಗೆ ಲೈಸನ್ಸೇ ಬೇಡವಂತೆ, ನಮಗೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅದು ಅವರ ಆಚರಣೆಗೂ ಚರಿತ್ರೆಗೂ ಸಂಬಂಧಿಸಿದ್ದು. ಹಗೆ ತೀರಿಸಿಕೊಳ್ಳಲು ಪಿಸ್ತೂಲು ತರುವ ಸೀಮೆಗೆ ಅದನ್ನು ಹೊಂದಿಸಲಾಗದು.

ಹೆಚ್ಚು ಜನರಿಗೆ ಗೊತ್ತಿರದ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1995ರ ನಿಯಮಗಳಲ್ಲಿ, ದೌರ್ಜನ್ಯ ನಡೆಯಬಹುದೆಂದು ಗುರುತಿಸಿದ ಊರುಗಳಲ್ಲಿ ಪರಿಶಿಷ್ಟರಲ್ಲದವರ ಬಂದೂಕು ಲೈಸನ್ಸು ರದ್ದು ಮಾಡಿ ಬಂದೂಕನ್ನು ಸರ್ಕಾರದ ಶಸ್ತ್ರಾಗಾರಕ್ಕೆ ಪಡೆಯಬೇಕು, ಅಕ್ರಮ ಬಂದೂಕುಗಳನ್ನು ವಶಪಡಿಸಿಕೊಳ್ಳಬೇಕು, ಅಗತ್ಯ ಬಿದ್ದರೆ ಪರಿಶಿಷ್ಟರಿಗೆ ರಕ್ಷಣೆಗೆಂದು ಲೈಸನ್ಸು ಕೊಡಬಹುದು ಎಂದಿದೆ. ಓಣಿಯ ಮೇಲಿನ ವಾಡೆಯಲ್ಲಿರುವ ಬಂದೂಕು ಹೊಲಗೇರಿಯ ಮನೆಗೆ ಹೇಗೆ ಕಾಣುತ್ತದೆ ಎಂಬುದನ್ನು ಬಲ್ಲವರು ಬರೆದ ನಿಯಮ ಇದು. ಬಂದೂಕು ಹಾರದಿದ್ದರೂ ಹೆದರಿಸುತ್ತದೆ. ಲೈಸನ್ಸುಗಳು ಕಡಿಮೆಯಾದರೆ ನಷ್ಟ ಎಂದು ಕೊರಗುವವರು ಆ ಮನೆಯವರನ್ನು ಒಮ್ಮೆ ಕೇಳಬೇಕು.

ಚುನಾವಣೆ ಬಂದಾಗ ಪರಿಶೀಲನಾ ಸಮಿತಿ ಕೂತು ಯಾರ ಬಂದೂಕು ಠಾಣೆಗೆ ಬರಬೇಕೆಂದು ತೀರ್ಮಾನಿಸುತ್ತದೆ. ಜಾಮೀನಿನ ಮೇಲಿರುವವರು, ಹಿಂದೆ ಗಲಭೆಯಲ್ಲಿ ಹೆಸರು ಬಂದವರು ಮೊದಲು ಒಪ್ಪಿಸಬೇಕು. ಅದು ನಡೆಯುತ್ತಿದೆ, ನಡೆಯಲಿ. ಆದರೆ ಆ ತಿಂಗಳುಗಳಲ್ಲಿ ಗಡಿಯ ಚೆಕ್‌ಪೋಸ್ಟುಗಳಲ್ಲಿ ಕಾಣುವ ಎಚ್ಚರ ಉಳಿದ ದಿನಗಳಲ್ಲಿಯೂ ಬೇಕು. ಕಲಬುರಗಿ, ವಿಜಯಪುರ, ಸೊಲ್ಲಾಪುರ ಜಿಲ್ಲೆಗಳ ಪೊಲೀಸರು ಪಿಸ್ತೂಲಿನ ಪ್ರತಿ ಪ್ರಕರಣವನ್ನು ಹಿಡಿದವನಿಗೆ ನಿಲ್ಲಿಸದೆ ಮಾರಿದವನವರೆಗೆ, ತಯಾರಿಸಿದವನವರೆಗೆ ಒಯ್ಯಬೇಕು. ಲೈಸನ್ಸಿಲ್ಲದ ಬಂದೂಕಿನ ಕೇಸು ನಡೆಸಲು ಜಿಲ್ಲಾಧಿಕಾರಿಗಳ ಮಂಜೂರಾತಿ ಬೇಕೆಂದು ಕಾಯ್ದೆಯ 39ನೇ ಪ್ರಕರಣ ಹೇಳುತ್ತದೆ. ಆ ಒಂದು ಕಾಗದ ತಡವಾಗಿ, ಸಿಕ್ಕ ಆರೋಪಿ ಬಿಡುಗಡೆಯಾಗುವಂತಾಗಬಾರದು. ಹುಡುಗನೊಬ್ಬ ಪಿಸ್ತೂಲು ಒಪ್ಪಿಸಿ ಹೊಸ ಬಾಳಿಗೆ ಬರುತ್ತೇನೆಂದರೆ ಅವನಿಗೊಂದು ಗಡುವು, ಒಂದು ದಾರಿ ಇರಬೇಕು. ಇದನ್ನು ಸರ್ಕಾರ ಯೋಚಿಸಲಿ.

ಕೊನೆಗೆ ಮನೆಮನೆಯ ಮಾತು. ಹಿರಿಯರು ತೀರಿಕೊಂಡಿರುತ್ತಾರೆ, ಬಂದೂಕು ಅಟ್ಟದ ಮೇಲೇ ಉಳಿದಿರುತ್ತದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಲೈಸನ್ಸುದಾರ ಸತ್ತ ಮೇಲೆ ಆ ಬಂದೂಕು ಲೈಸನ್ಸಿಲ್ಲದ ಬಂದೂಕೇ. ಅದನ್ನು ಇಟ್ಟುಕೊಂಡವರು ತಮಗೇ ತಿಳಿಯದೆ ಅಪರಾಧಿಗಳಾಗುತ್ತಾರೆ. ವಾರಸುದಾರರು ತಮ್ಮ ಹೆಸರಿಗೆ ಲೈಸನ್ಸು ಕೇಳಬಹುದು. ಹಿರಿಯರು ಇರುವಾಗಲೇ, 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಪಡೆದು 25 ವರ್ಷವಾಗಿದ್ದರೆ, ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಬೇಡವೆನ್ನುವವರು ಹತ್ತಿರದ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು.

ಆದ್ದರಿಂದ ಕೇಳುಗರೇ, ಮನೆಯಲ್ಲಿ ಬಂದೂಕು ಇದ್ದರೆ ಅದರ ಪುಸ್ತಕವನ್ನು ಈ ವಾರವೇ ತೆಗೆದು ನೋಡಿ. ಯಾರ ಹೆಸರಿನಲ್ಲಿದೆ, ಅವಧಿ ಎಂದಿಗೆ ಮುಗಿಯುತ್ತದೆ, ಗುರುತಿನ ಸಂಖ್ಯೆ ಬಿದ್ದಿದೆಯೇ ಎಂದು ಓದಿ. ತೋಟಾಗಳನ್ನು ಬೇರೆಡೆ ಬೀಗ ಹಾಕಿಡಿ. ಊರಿನ ಹುಡುಗನೊಬ್ಬನ ಸೊಂಟದಲ್ಲಿ ಪಿಸ್ತೂಲು ಕಂಡರೆ, ನಮ್ಮವನೇ ಎಂದು ಸುಮ್ಮನಿರಬೇಡಿ. ಅವನ ತಾಯಿಗೆ ತಿಳಿಸಿ, ಠಾಣೆಗೆ ತಿಳಿಸಿ, ಇಲ್ಲವೇ 112ಕ್ಕೆ ಫೋನು ಮಾಡಿ.